ಕುತುಬ್ ಮಿನಾರ್ ಹತ್ತೋಕೆ ಯಾಕೆ ಬಿಡಲ್ಲ?

ದೆಹಲಿಯ ಕುತುಬ್ ಮಿನಾರ್ ಒಳಗೆ 379 ಮೆಟ್ಟಿಲುಗಳಿವೆ. ಒಂದು ಕಾಲದಲ್ಲಿ ಪ್ರವಾಸಿಗರು ಹತ್ತಿ, ಮೇಲಿಂದ ಊರು ನೋಡ್ತಿದ್ರು. ಈಗ ಟಿಕೆಟ್ ತಗೊಂಡ್ರೂ ಬುಡದಲ್ಲೇ ನಿಲ್ಲಬೇಕು. ಯಾಕೆ?

1981ರ ಡಿಸೆಂಬರ್ 4. ಒಳಗೆ ನೂರಾರು ಜನ ಇದ್ದಾಗ ಲೈಟ್ ಹೋಯ್ತು. ಕಿರಿದಾದ ಸುತ್ತು ಮೆಟ್ಟಿಲು, ಕತ್ತಲು, ಗಾಬರಿ. ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ನುಗ್ಗಿದರು. ಆ ಕಾಲ್ತುಳಿತದಲ್ಲಿ 45 ಜನ ಸತ್ತರು. ಹೆಚ್ಚಿನವರು ಶಾಲಾ ಮಕ್ಕಳು. ಅವತ್ತಿಂದ ಬಾಗಿಲಿಗೆ ಬೀಗ.

ಸಿಡಿಲು, ಭೂಕಂಪದ ಪೆಟ್ಟು ತಿಂದು, ರಿಪೇರಿ ಆಗಿ, ಶತಮಾನಗಳಿಂದ ನಿಂತಿರೋ ಗೋಪುರ ಅದು. ಹತ್ತೋಕೂ ಇಳಿಯೋಕೂ ಒಂದೇ ಇಕ್ಕಟ್ಟಾದ ದಾರಿ, ಅಲ್ಲಿ ಅಷ್ಟೊಂದು ಜನ. ಜೀವ ತೆಗೆದದ್ದು ಅದು.

ಮುಂದಿನ ಸಲ ವಿಜಯಪುರದ ಗೋಲ್ ಗುಂಬಜ್ ಹತ್ತುವಾಗ ಮುಂದಿದ್ದವರನ್ನ ತಳ್ಳಬೇಡಿ. ವ್ಯೂ ಎಲ್ಲಿಗೂ ಓಡಿಹೋಗಲ್ಲ.