ಮೂರನೆಯ ಸಲ ಗೆದ್ದ ಹಾಡು

‘ಕಾರಣಗಳನ್ನು ವಿವರಿಸಿ’ ಎಂಬ ಇತಿಹಾಸದ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳು ಬಹುಮಟ್ಟಿಗೆ ಒಂದೇ ಕಾರಣ ಬರೆದು ಲೇಖನಿ ಕೆಳಗಿಡುತ್ತಿದ್ದರು. ಕಣ್ಣಿಗೆ ಮೊದಲು ಬಿದ್ದ ಕಾರಣವೇ ಅವರಿಗೆ ಪೂರ್ಣ ಸತ್ಯವಾಗಿ ಕಾಣುತ್ತಿತ್ತು. ಮಕ್ಕಳನ್ನೇಕೆ ದೂರಬೇಕು? ನಾವು ಹಿರಿಯರೂ ಹಾಗೆಯೇ. ನಾರ್ವೆ ದೇಶದ ‘ಆ-ಹಾ’ ತಂಡದ ‘ಟೇಕ್ ಆನ್ ಮಿ’ ಎಂಬ ಪ್ರೇಮಗೀತೆ ಜಗತ್ತನ್ನೇ ಗೆದ್ದದ್ದು ಅದರ ದೃಶ್ಯಚಿತ್ರದ ಬಲದಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದ ಮೇಲೆ ಆ ಉತ್ತರಕ್ಕೆ ಪೂರ್ಣ ಅಂಕ ಕೊಡಲು ಮನಸ್ಸಾಗಲಿಲ್ಲ.

ಹಾಡಿನ ಮೂಲ ಓಸ್ಲೋ ನಗರದಲ್ಲಿದೆ. ಪಾಲ್ ವಾಕ್ತಾರ್ ಮತ್ತು ಮಾಗ್ನೆ ಫುರುಹೋಲ್ಮನ್ ಎಂಬ ಗೆಳೆಯರು ಹದಿಹರೆಯದಲ್ಲಿ ‘ಬ್ರಿಜಸ್’ ಎಂಬ ತಂಡ ಕಟ್ಟಿಕೊಂಡಿದ್ದರು. ಇಂದು ಹಾಡಿನ ಗುರುತೇ ಆಗಿರುವ ಕೀಬೋರ್ಡಿನ ಆ ಕುಣಿಯುವ ಸ್ವರಮಾಲೆ ಆ ದಿನಗಳದು. ಮುಂದೆ ಗಾಯಕ ಮಾರ್ಟನ್ ಹಾರ್ಕೆಟ್ ಜೊತೆಗೂಡಿದರು. ಮೂವರೂ ಅದೃಷ್ಟವನ್ನರಸಿ ಲಂಡನ್ನಿಗೆ ತೆರಳಿದರು. ಹಲವು ಹೆಸರುಗಳನ್ನು ಬದಲಿಸಿದ ಈ ಹಾಡಿಗೆ ಒಂದು ಹಂತದಲ್ಲಿ ‘ಪಾಠ ಒಂದು’ ಎಂಬ ಅರ್ಥದ ಶೀರ್ಷಿಕೆಯಿತ್ತೆಂಬುದು ಮೇಷ್ಟರಾದ ನನಗೆ ವಿಶೇಷ ಸಂತೋಷ ಕೊಟ್ಟ ಸಂಗತಿ.

ಟೋನಿ ಮ್ಯಾನ್ಸ್‌ಫೀಲ್ಡ್ ನಿರ್ಮಾಣದಲ್ಲಿ 1984ರಲ್ಲಿ ಹಾಡು ಮೊದಲು ಹೊರಬಂತು. ತಂಡದವರು ನಿಂತು ಹಾಡುವ ಸಾಧಾರಣ ದೃಶ್ಯಚಿತ್ರವೂ ಅದಕ್ಕಿತ್ತು. ಸ್ವದೇಶದಲ್ಲಿ ಮನ್ನಣೆ ದೊರೆತರೂ ಬ್ರಿಟನ್ನಿನಲ್ಲಿ ಯಾರೂ ಕಿವಿಗೊಡಲಿಲ್ಲ. ಅನಂತರ ಅಲನ್ ಟಾರ್ನಿ ಎಂಬ ನಿರ್ಮಾಪಕರು ಅದನ್ನು ಹೊಸದಾಗಿ ಧ್ವನಿಮುದ್ರಿಸಿದರು. ವಾದ್ಯಗಳಿಗೆ ಹುರುಪು ಬಂತು, ಕಂಠ ಮುಂದೆ ಬಂದು ನಿಂತಿತು. ಆದರೂ 1985ರಲ್ಲಿ ಎರಡನೆಯ ಸಲ ಬಿಡುಗಡೆಯಾದಾಗ ಬ್ರಿಟನ್ನಿನಲ್ಲಿ ಅದೇ ಸೋಲು.

ಆಗ ನೆರವಿಗೆ ಬಂದವರು ವಾರ್ನರ್ ಸಂಸ್ಥೆಯ ಅಮೆರಿಕದ ಶಾಖೆಯಲ್ಲಿದ್ದ ಜೆಫ್ ಏರಾಫ್. ಸಂಗೀತದ ದೃಶ್ಯಗಳಿಗೆಂದೇ ಮೀಸಲಾದ ಎಂಟಿವಿ ವಾಹಿನಿ 1981ರಲ್ಲಿ ಆರಂಭವಾಗಿತ್ತು. ಹಾಡನ್ನು ಕಣ್ಣಿಗೂ ಉಣಿಸಬೇಕಾದ ಕಾಲ ಬಂದಿತ್ತು. ಮೈಕೆಲ್ ಜಾಕ್ಸನ್ನರ ‘ಬಿಲ್ಲಿ ಜೀನ್’ ಚಿತ್ರೀಕರಿಸಿದ್ದ ಸ್ಟೀವ್ ಬ್ಯಾರನ್ ಅವರಿಗೆ ನಿರ್ದೇಶನ ಒಪ್ಪಿಸಲಾಯಿತು. ಚಿತ್ರ ಬರೆಯುವ ಹೊಣೆ ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಗರ್ ದಂಪತಿಗಳದು.

ಅವರು ಬಳಸಿದ ವಿಧಾನ ಹೊಸದೇನಲ್ಲ. ಮೊದಲು ನಟರನ್ನು ಚಿತ್ರೀಕರಿಸುವುದು; ಆಮೇಲೆ ಒಂದೊಂದೇ ಚೌಕಟ್ಟನ್ನು ಕೆಳಗಿಟ್ಟು ಅದರ ಮೇಲೆ ಕೈಯಿಂದ ಚಿತ್ರ ಬರೆಯುವುದು. ರೋಟೋಸ್ಕೋಪ್ ಎಂಬ ಈ ಯುಕ್ತಿಗೆ ಮ್ಯಾಕ್ಸ್ ಫ್ಲೈಶರ್ 1917ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆಂಬುದನ್ನು ನೆನೆದರೆ ಕೆಲಸದ ಭಾರ ತಿಳಿದೀತು. ಸುಮಾರು 3,000 ಚೌಕಟ್ಟುಗಳು, ಸುಮಾರು 16 ವಾರಗಳ ದುಡಿಮೆ! ನಾಲ್ಕು ನಿಮಿಷವೂ ತುಂಬದ ಹಾಡಿಗೆ ಇಷ್ಟು ತಾಳ್ಮೆ.

ಕಥೆ ಸರಳ. ಉಪಾಹಾರ ಗೃಹವೊಂದರಲ್ಲಿ ಕುಳಿತ ಯುವತಿ (ನಟಿ ಬಂಟಿ ಬೈಲಿ) ಚಿತ್ರಕಥೆಯ ಪುಸ್ತಕ ಓದುತ್ತಿದ್ದಾಳೆ. ಅದರೊಳಗಿನ ನಾಯಕ ಕಣ್ಣು ಮಿಟುಕಿಸಿ, ಪುಟದಿಂದ ಪೆನ್ಸಿಲ್ ಗೆರೆಗಳ ಕೈ ಚಾಚುತ್ತಾನೆ. ಅವಳು ಕೈ ಹಿಡಿದು ಪುಟದೊಳಗೆ ಹೋಗುತ್ತಾಳೆ. ಇತ್ತ ಪರಿಚಾರಿಕೆ, ಗಿರಾಕಿ ಹಣ ಕೊಡದೆ ಹೋದಳೆಂದು ಸಿಟ್ಟಾಗಿ ಪುಸ್ತಕವನ್ನು ಮುದುಡಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಒಳಗೆ ಪ್ರೇಮಿಗಳ ಪ್ರಾಣಕ್ಕೇ ಸಂಚಕಾರ. ನಾಯಕ ಕಾಗದದ ಗೋಡೆ ಹರಿದು ಅವಳನ್ನು ಹೊರಗೆ ಕಳುಹಿಸುತ್ತಾನೆ. ಕೊನೆಗೆ ತಾನೂ ಗೋಡೆಗೆ ಅಪ್ಪಳಿಸಿಕೊಳ್ಳುತ್ತ ಗೆರೆಗಳನ್ನು ಕಳಚಿ ಮನುಷ್ಯನಾಗುತ್ತಾನೆ.

ಈ ಚಿತ್ರದೊಡನೆ ಹಾಡು 1985ರ ಅಕ್ಟೋಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ನಾರ್ವೆಯ ತಂಡವೊಂದಕ್ಕೆ ಆ ಗೌರವ ಅದೇ ಮೊದಲು. ಎರಡು ಸಲ ಮುಖ ತಿರುಗಿಸಿದ್ದ ಬ್ರಿಟನ್ನಿನಲ್ಲಿಯೂ ಎರಡನೆಯ ಸ್ಥಾನ ಸಿಕ್ಕಿತು. 1986ರಲ್ಲಿ ಎಂಟಿವಿಯ ಆರು ಪ್ರಶಸ್ತಿಗಳು ಬಂದವು.

ಹಾಗಾದರೆ ಗೆದ್ದದ್ದು ಚಿತ್ರವೇ? ಹೌದೆನ್ನಲು ಆಧಾರವಿದೆ: ಟಾರ್ನಿಯವರ ಧ್ವನಿಮುದ್ರಣ ಚಿತ್ರವಿಲ್ಲದೆ ಸೋತಿತ್ತು. ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ. ಹಾರ್ಕೆಟ್ಟರ ದನಿ ಪಲ್ಲವಿಯಲ್ಲಿ ಮಂದ್ರದಿಂದ ಹೊರಟು, ನಾವು ಕಳ್ಳದನಿ ಎನ್ನುವ ತೆಳುಸ್ವರದ ತುತ್ತತುದಿಯವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಕೈಗೆಟುಕದ್ದನ್ನು ಎಟುಕಿಸಿಕೊಳ್ಳುವ ಹಂಬಲ ಆ ಏರಿಕೆಯಲ್ಲಿಯೇ ಇದೆ. ಪುಟದಿಂದ ಚಾಚಿದ ಕೈ ಆ ಹಂಬಲಕ್ಕೆ ಆಕಾರ ಕೊಟ್ಟಿತೇ ಹೊರತು ಅದನ್ನು ಹುಟ್ಟಿಸಲಿಲ್ಲ. 2017ರಲ್ಲಿ ಇದೇ ತಂಡ ನಾರ್ವೆಯ ಗಿಸ್ಕೆ ದ್ವೀಪದಲ್ಲಿ ಹಾಡನ್ನು ಅಬ್ಬರವಿಲ್ಲದೆ ನಿಧಾನಗತಿಯಲ್ಲಿ ಹಾಡಿತು. ಗೆರೆಚಿತ್ರವೂ ಇಲ್ಲ, ಕುಣಿಸುವ ತಾಳವೂ ಇಲ್ಲ. ನಡುವಯಸ್ಸು ದಾಟಿದ ಗಾಯಕನ ಕಂಠ ಮಾತ್ರ. ಕೇಳುತ್ತ ನನ್ನ ಕಣ್ಣು ಒದ್ದೆಯಾದವು. ಅಂದು ಮುಚ್ಚಿಹೋಗಿದ್ದ ವಿಷಾದ ಅದರಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಆದ್ದರಿಂದ ನನ್ನ ಉತ್ತರ ಇಷ್ಟು: ಸ್ವರ ಕಟ್ಟಿದವರು, ಮತ್ತೆ ಧ್ವನಿಮುದ್ರಿಸಿದವರು, ಹಟ ಹಿಡಿದು ಮೂರನೆಯ ಅವಕಾಶ ಕೊಡಿಸಿದವರು, ಹದಿನಾರು ವಾರ ಕುಳಿತು ಗೆರೆ ಎಳೆದವರು, ಇವರಲ್ಲಿ ಒಬ್ಬರನ್ನು ತೆಗೆದರೂ ಗೆಲುವಿಲ್ಲ. 2020ರಲ್ಲಿ ಈ ದೃಶ್ಯಚಿತ್ರದ ಯೂಟ್ಯೂಬ್ ವೀಕ್ಷಣೆ 100 ಕೋಟಿ ದಾಟಿತು. ನೋಡಿದವರಲ್ಲಿ ಗಾಯಕನ ಮುಖ ಮರೆಯದವರು ಬಹಳ. ಪ್ಯಾಟರ್ಸನ್, ರೆಕಿಂಗರ್ ಎಂಬ ಹೆಸರು ಬಲ್ಲವರು ಎಷ್ಟು ಮಂದಿಯೋ!

ಇದನ್ನು ಬರೆಯುತ್ತಿರುವಾಗ ಒಂದು ಹಳೆಯ ತಪ್ಪು ನೆನಪಾಗುತ್ತಿದೆ. ಎರಡು ಸಲ ಅನುತ್ತೀರ್ಣನಾದ ಹುಡುಗನೊಬ್ಬನಿಗೆ, ‘ಇನ್ನು ಸಾಕು, ಬೇರೆ ಕೆಲಸ ನೋಡಿಕೋ’ ಎಂದು ಒಮ್ಮೆ ನಾನೇ ಹೇಳಿದ್ದೆ. ಅವನು ಮರುಮಾತಾಡದೆ ಹೊರಟುಹೋದ. ಮತ್ತೆ ಶಾಲೆಯ ಕಡೆ ಬರಲಿಲ್ಲ. ಮುದುಡಿದ ಆ ಪುಸ್ತಕವನ್ನು ಬುಟ್ಟಿಯಿಂದೆತ್ತಿ, ಮನೆಗೊಯ್ದು, ನೆಲದ ಮೇಲೆ ಹರಡಿ ಸುಕ್ಕು ಬಿಡಿಸುವ ಯುವತಿಯನ್ನು ನೋಡಿದಾಗಲೆಲ್ಲ ನನಗೆ ಅವನ ಮುಖ ಕಾಣಿಸುತ್ತದೆ.