ವಿಡಿಯೋ ಆಟಗಳಲ್ಲಿ ಗುಪ್ತಾಂಕಿತ

ಕೃತಿಯೊಳಗೆ ಕರ್ತೃವು ತನ್ನ ಹೆಸರನ್ನು ಅಡಗಿಸಿಡುವ ಪದ್ಧತಿಯು ಸಾಹಿತ್ಯಾಭ್ಯಾಸಿಗಳಿಗೆ ಹೊಸದಲ್ಲ. ಮಾಘನು ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದಲ್ಲಿ ಒಂದು ಚಕ್ರಬಂಧವನ್ನು ರಚಿಸಿ, ಅದರ ವಲಯಗಳಲ್ಲಿ ತನ್ನ ಹೆಸರೂ ತನ್ನ ಕಾವ್ಯದ ಹೆಸರೂ ಹೊರಡುವಂತೆ ಅಕ್ಷರಗಳನ್ನು ನಿಲ್ಲಿಸಿರುವನು. ಶ್ಲೋಕವನ್ನು ಪಾದಪಾದವಾಗಿ ಓದಿಕೊಂಡು ಹೋಗುವವನಿಗೆ ಆ ಹೆಸರು ಕಾಣದು. ಚಕ್ರವನ್ನು ಬರೆದು ನೋಡಿದವನಿಗೆ ಮಾತ್ರ ಕಾಣುವುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಬೆಳೆದ ವಿಡಿಯೋ ಆಟಗಳೊಳಗೆ ಇದಕ್ಕೆ ಸಮಾನವಾದ ಒಂದು ರೂಢಿಯು ತಾನಾಗಿಯೇ ಹುಟ್ಟಿಕೊಂಡಿತು. ಅದಕ್ಕೆ ಅಲ್ಲಿಯವರು ಈಸ್ಟರ್ ಮೊಟ್ಟೆಯೆಂದು ಹೆಸರಿಟ್ಟರು. ಈಸ್ಟರ್ ಹಬ್ಬದ ದಿನ ಹಿರಿಯರು ಬಣ್ಣದ ಮೊಟ್ಟೆಗಳನ್ನು ತೋಟದಲ್ಲಿ ಅಡಗಿಸಿಟ್ಟು ಮಕ್ಕಳಿಂದ ಹುಡುಕಿಸುವುದು ಆ ದೇಶದ ವಾಡಿಕೆಯಾದುದರಿಂದ ಈ ಹೆಸರು ಬಂದಿತು. ಆದರೆ ಮಾಘನ ಹೆಸರನ್ನು ಅಡಗಿಸಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ. ಅದು ಪಾಂಡಿತ್ಯದ ವಿಲಾಸ. ಆಟಗಳ ವಿಷಯ ಹಾಗಲ್ಲ. ಅಲ್ಲಿ ಹೆಸರು ಮರೆಗೆ ಹೋದದ್ದು ಬೆಳಕಿನಲ್ಲಿ ಅದಕ್ಕೆ ಸ್ಥಳವಿಲ್ಲದೆ ಹೋದುದರಿಂದ.

ಈ ಗುಪ್ತವಸ್ತುಗಳಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸದೆ ಮಾತನಾಡುವವರು ಅನೇಕರು. ಒಂದು, ಕರ್ತೃವಿನ ಅಂಕಿತ. ಇನ್ನೊಂದು, ಲೋಕದಲ್ಲಿ ಎಲ್ಲರೂ ಬಲ್ಲ ವಸ್ತುವನ್ನು ಅನಿರೀಕ್ಷಿತವಾದ ಎಡೆಯಲ್ಲಿ ತಂದಿಡುವ ವಿನೋದ. ಎರಡನೆಯದೇ ಹಳೆಯದೆಂದು ತೋರುವುದು. ೧೯೭೩ರಲ್ಲಿ ಜ್ಯಾಕ್ ಬರ್ನೆಸ್ ಎಂಬವನು ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಜಿಟಿ೪೦ ಎಂಬ ಚಿತ್ರಯಂತ್ರಕ್ಕಾಗಿ ‘ಮೂನ್‌ಲ್ಯಾಂಡರ್’ ಎಂಬ ಆಟವನ್ನು ಬರೆದನು. ಯಂತ್ರದ ಸಾಮರ್ಥ್ಯವನ್ನು ಕೊಳ್ಳುವವರಿಗೆ ತೋರಿಸುವುದೇ ಅದರ ಉದ್ದೇಶ. ಚಂದ್ರನ ನೆಲದ ಮೇಲೆ ನೌಕೆಯನ್ನು ಮೆಲ್ಲಗೆ ಇಳಿಸುವುದು ಆಟದ ಕೆಲಸ. ಆ ನೆಲದ ಒಂದು ನಿರ್ದಿಷ್ಟ ಸ್ಥಳದಲ್ಲಿ ಇಳಿದವನಿಗೆ ಮೆಕ್‌ಡೊನಾಲ್ಡ್ಸ್ ತಿಂಡಿಯಂಗಡಿಯೊಂದು ಕಾಣಿಸುವುದು. ಗಗನಯಾತ್ರಿಯು ನೌಕೆಯಿಂದಿಳಿದು ನಡೆದುಹೋಗಿ ತಿಂಡಿ ಕೊಳ್ಳುವನು. ಅಂಗಡಿಯ ಮೇಲೆಯೇ ನೌಕೆ ಬಿದ್ದರೆ, ಚಂದ್ರಲೋಕದ ಏಕೈಕ ಅಂಗಡಿಯನ್ನು ಹಾಳುಮಾಡಿದೆಯೆಂದು ಯಂತ್ರವು ಬಯ್ಯುವುದು! ಇಲ್ಲಿ ಕರ್ತೃವಿನ ಹೆಸರಿನ ಮಾತೇ ಇಲ್ಲ. ಮನುಷ್ಯನು ಚಂದ್ರನನ್ನು ಕೊನೆಯ ಬಾರಿ ಮೆಟ್ಟಿಬಂದು ಆಗಿನ್ನೂ ಬಹಳ ದಿನಗಳಾಗಿರಲಿಲ್ಲ; ಆ ಗಂಭೀರ ಸಾಹಸದ ಪಕ್ಕದಲ್ಲಿ ಬೀದಿಯ ಅಂಗಡಿಯನ್ನು ನಿಲ್ಲಿಸಿದುದೇ ನಗೆಯ ಮೂಲ.

ಅಂಕಿತದ ಕಥೆಗೆ ಬೇರೆಯೇ ಹಿನ್ನೆಲೆಯುಂಟು. ೧೯೭೨ರಲ್ಲಿ ಸ್ಥಾಪಿತವಾದ ಅಟಾರಿ ಸಂಸ್ಥೆಯನ್ನು ೧೯೭೬ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಕೊಂಡಿತು. ಮರುವರ್ಷ ಮನೆಯ ಟೆಲಿವಿಷನ್ನಿಗೆ ಜೋಡಿಸುವ ವಿ.ಸಿ.ಎಸ್. ಯಂತ್ರವು ಮಾರುಕಟ್ಟೆಗೆ ಬಂದಿತು. ಅದರ ಒಂದೊಂದು ಆಟವೂ ಒಂದೊಂದು ಕಾರ್ಟ್ರಿಡ್ಜಿನಲ್ಲಿ ಅಡಕವಾಗಿ ಬರುತ್ತಿತ್ತು. ಗಮನಿಸಬೇಕಾದುದೇನೆಂದರೆ, ಆ ಕಾಲದಲ್ಲಿ ಒಂದು ಕಾರ್ಟ್ರಿಡ್ಜಿನ ಆಟದ ಕಲ್ಪನೆ, ನಿಯಮ, ಚಿತ್ರ, ಧ್ವನಿ ಎಲ್ಲವೂ ಸಾಮಾನ್ಯವಾಗಿ ಒಬ್ಬನೇ ಮನುಷ್ಯನ ಕೆಲಸವಾಗಿತ್ತು. ಕವಿಯೊಬ್ಬನು ಕಾವ್ಯಕ್ಕೆ ಎಷ್ಟರಮಟ್ಟಿಗೆ ಕರ್ತೃವೋ ಅವನೂ ಆಟಕ್ಕೆ ಅಷ್ಟರಮಟ್ಟಿಗೆ ಕರ್ತೃ. ಆದರೂ ಪೆಟ್ಟಿಗೆಯ ಮೇಲಾಗಲಿ ಒಳಗಿನ ಪುಸ್ತಿಕೆಯಲ್ಲಾಗಲಿ ಅವನ ಹೆಸರು ಇರುತ್ತಿರಲಿಲ್ಲ. ೧೯೭೮ರಲ್ಲಿ ಸಂಸ್ಥೆಗೆ ಬಂದು ಬಳಿಕ ಅದರ ಮುಖ್ಯಸ್ಥನಾದ ರೇ ಕಸ್ಸಾರನು ಅದಕ್ಕೆ ಮೊದಲು ಬಟ್ಟೆಯ ಉದ್ಯಮದಲ್ಲಿದ್ದವನು. ಟವೆಲ್ಲಿಗೆ ವಿನ್ಯಾಸ ಮಾಡಿದವನ ಹೆಸರನ್ನು ಯಾರೂ ಕೇಳುವುದಿಲ್ಲವಷ್ಟೆ. ಆಟಕ್ಕೂ ಅದೇ ನ್ಯಾಯವೆಂಬುದು ಅವನ ಭಾವನೆಯಾಗಿತ್ತೆಂದು ಅಲ್ಲಿ ಕೆಲಸಮಾಡಿದವರು ಮುಂದೆ ಹೇಳಿಕೊಂಡಿರುವರು. ೧೯೭೯ರಲ್ಲಿ ನಾಲ್ವರು ಹೊರಟುಹೋಗಿ ಆಕ್ಟಿವಿಷನ್ ಸಂಸ್ಥೆಯನ್ನು ಕಟ್ಟಿದರು. ಆಟಗಾರರಿಗೆ ಕರ್ತೃವಿನ ಹೆಸರನ್ನು ಬಹಿರಂಗವಾಗಿ ತಿಳಿಸುವುದು ಅವರ ಪದ್ಧತಿಯಾಯಿತು.

ಅದೇ ವರ್ಷ ಅಟಾರಿಯನ್ನು ಬಿಟ್ಟ ಇನ್ನೊಬ್ಬನು ವಾರನ್ ರಾಬಿನೆಟ್. ಕ್ರೌದರ್ ಮತ್ತು ವುಡ್ಸ್ ಎಂಬವರು ರಚಿಸಿದ, ಕೇವಲ ಮಾತುಗಳಿಂದ ನಡೆಯುವ ಗುಹಾಸಂಚಾರದ ಆಟವೊಂದನ್ನು ೧೯೭೮ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಂಡು, ಅದನ್ನು ಚಿತ್ರರೂಪಕ್ಕೆ ತರಬೇಕೆಂದು ಅವನು ಸಂಕಲ್ಪಿಸಿದನು. ಹೀಗೆ ಹುಟ್ಟಿದುದು ‘ಅಡ್ವೆಂಚರ್’. ಮೂರು ಕೋಟೆಗಳು, ಮೂರು ಘಟಸರ್ಪಗಳು, ಕಳವಾದ ಒಂದು ಮಂತ್ರಪಾತ್ರೆ. ಆ ಪಾತ್ರೆಯನ್ನು ಚಿನ್ನದ ಕೋಟೆಗೆ ಮರಳಿ ತರುವುದೇ ಗುರಿ. ಇಷ್ಟೆಲ್ಲವೂ ನಾಲ್ಕು ಕಿಲೋಬೈಟುಗಳಲ್ಲಿ ಅಡಗಬೇಕಾಗಿತ್ತು. ಯಂತ್ರಕ್ಕಿದ್ದ ತಾತ್ಕಾಲಿಕ ಸ್ಮೃತಿಯೋ ೧೨೮ ಬೈಟುಗಳು ಮಾತ್ರ. ರಾಬಿನೆಟ್ಟನೇ ಹೇಳಿರುವ ಲೆಕ್ಕದಂತೆ ಅವನ ಸಂಬಳ ವರ್ಷಕ್ಕೆ ಸುಮಾರು ೨೨,೦೦೦ ಡಾಲರು. ಒಂದೊಂದಕ್ಕೆ ೨೫ ಡಾಲರಿನಂತೆ ಮಾರಿದ ಪ್ರತಿಗಳು ಹತ್ತು ಲಕ್ಷ. ಲಾಭದಲ್ಲಿ ಪಾಲಿಲ್ಲದಿದ್ದರೆ ಹೋಗಲಿ, ಹೆಸರೂ ಇಲ್ಲ.

ಆಗ ಅವನು ಯಾರಿಗೂ ಹೇಳದೆ ಆಟದೊಳಗೆ ಇನ್ನೊಂದು ಕೋಣೆಯನ್ನು ಕಟ್ಟಿದನು. ಅದಕ್ಕೆ ಬೀಗದ ಕೈಯಾದುದು ಒಂದು ಚುಕ್ಕೆ. ಕಪ್ಪು ಕೋಟೆಯ ಚಕ್ರವ್ಯೂಹದಲ್ಲಿ, ಸೇತುವೆಯನ್ನು ಬಳಸಿದ ಹೊರತು ತಲುಪಲಾಗದ ಒಂದು ಮೂಲೆಯಲ್ಲಿ ಆ ಚುಕ್ಕೆ ಬಿದ್ದಿರುವುದು. ಅದರ ಬಣ್ಣವೂ ಹಿನ್ನೆಲೆಯ ಬಣ್ಣವೂ ಒಂದೇ ಆದುದರಿಂದ ಅದು ಕಣ್ಣಿಗೆ ಬೀಳುವುದೇ ದುರ್ಲಭ. ಎಡವಿ ಸಿಕ್ಕಿದರೂ ಏತಕ್ಕೆ ಬರುವುದೆಂದು ತಿಳಿಯದು. ವಿ.ಸಿ.ಎಸ್. ಯಂತ್ರವು ಆ ಆಟದಲ್ಲಿ ಒಂದು ಕೋಣೆಯಲ್ಲಿ ಏಕಕಾಲಕ್ಕೆ ಎರಡು ವಸ್ತುಗಳನ್ನಲ್ಲದೆ ಹೆಚ್ಚಿನವನ್ನು ಬಿಡಿಸಲಾರದು. ಮೂರನೆಯದು ಬಂದರೆ ಎಲ್ಲವೂ ಸರದಿಯ ಮೇಲೆ ಮಿನುಗತೊಡಗುವುವು. ಚುಕ್ಕೆಯನ್ನೂ ಬೇರೆ ವಸ್ತುಗಳನ್ನೂ ಗೊತ್ತಾದ ಕೋಣೆಗೆ ತಂದಿಟ್ಟರೆ ಅಲ್ಲಿನ ತೆಳುವಾದ ಗೋಡೆಯೂ ಮಿನುಗಿ ದಾರಿ ಬಿಡುವುದು. ಅದರಾಚೆಯ ಕೋಣೆಯಲ್ಲಿ, ಇದನ್ನು ರಚಿಸಿದವನು ವಾರನ್ ರಾಬಿನೆಟ್ ಎಂಬರ್ಥದ ಅಕ್ಷರಗಳು ಬಣ್ಣ ಬದಲಿಸುತ್ತ ಮೇಲಿನಿಂದ ಕೆಳಕ್ಕೆ ನಿಂತಿರುವುವು. ಯಂತ್ರದ ನ್ಯೂನತೆಯನ್ನೇ ಬಾಗಿಲನ್ನಾಗಿ ಮಾಡಿಕೊಂಡ ಈ ಉಪಾಯವು ಮೆಚ್ಚತಕ್ಕದ್ದು. ಚಿತ್ರಕವಿಗಳು ಛಂದಸ್ಸಿನ ಕಟ್ಟನ್ನು ಬಳಸಿಕೊಂಡ ರೀತಿಯೂ ಇಂಥದೇ.

ರಾಬಿನೆಟ್ಟನು ಸಂಸ್ಥೆಯನ್ನು ಬಿಡುವಾಗಲೂ ಗುಟ್ಟನ್ನು ಬಿಡಲಿಲ್ಲ. ಅದು ಬಯಲಾದುದು ೧೯೮೦ರಲ್ಲಿ, ಸಾಲ್ಟ್ ಲೇಕ್ ನಗರದ ಹದಿನೈದು ವರ್ಷದ ಹುಡುಗನೊಬ್ಬನು ಕೋಣೆಯನ್ನು ಹೊಕ್ಕು ನೋಡಿ ಸಂಸ್ಥೆಗೆ ಕಾಗದ ಬರೆದಾಗ. ಕಾರ್ಟ್ರಿಡ್ಜಿನ ಅಚ್ಚನ್ನು ಹೊಸದಾಗಿ ಮಾಡಿಸಿದರೆ ಸುಮಾರು ೧೦,೦೦೦ ಡಾಲರು ಖರ್ಚು ತಗಲುವುದೆಂದು ಕಂಡುಬಂದಿತು. ಇದನ್ನು ಪರಿಶೀಲಿಸಿದ ಬ್ರ್ಯಾಡ್ ಸ್ಟೂವರ್ಟ್ ಎಂಬ ಪ್ರೋಗ್ರಾಮರನು, ತನ್ನಿಂದ ತಿದ್ದಿಸಿದರೆ ತಿದ್ದಿದವನೆಂದು ತನ್ನ ಹೆಸರನ್ನೇ ಅಲ್ಲಿ ಹಾಕುವುದಾಗಿ ಹೇಳಿದನಂತೆ. ಕೊನೆಗೆ ಸ್ಟೀವ್ ರೈಟ್ ಎಂಬ ಅಧಿಕಾರಿಯು ಅದು ಇದ್ದಂತೆಯೇ ಇರಲಿ, ಇಂಥವು ಇನ್ನೂ ಬರಲಿ ಎಂದನು. ಈಸ್ಟರ್ ಮೊಟ್ಟೆಯೆಂಬ ಮಾತು ಅವನದೇ. ಕದ್ದಿಟ್ಟ ಅಂಕಿತವು ಹೀಗೆ ಒಂದೇ ವರ್ಷದೊಳಗೆ ಸರಕಿನ ಆಕರ್ಷಣೆಯಾಗಿ ಮಾರ್ಪಟ್ಟಿತು. ಬಂಡಾಯವನ್ನು ಶಿಕ್ಷಿಸುವುದಕ್ಕಿಂತ ಮಾರುವುದು ಲಾಭವೆಂಬುದನ್ನು ಸಂಸ್ಥೆಯು ಬೇಗನೆ ಕಂಡುಕೊಂಡಿತೆನ್ನಬೇಕು.

ಹೊವರ್ಡ್ ಸ್ಕಾಟ್ ವಾರ್ಷಾನು ೧೯೮೨ರ ‘ಯಾರ್ಸ್ ರಿವೆಂಜ್’ ಆಟದಲ್ಲಿ ತನ್ನ ಹೆಸರಿನ ಮೂರು ಮೊದಲಕ್ಷರಗಳನ್ನು ನೇರವಾಗಿಯೂ ತಿರುವಾಗಿಯೂ ಜೋಡಿಸಿ ಅಡಗಿಸಿದನು. ನಮ್ಮ ಲಾಕ್ಷಣಿಕರ ಗತಪ್ರತ್ಯಾಗತಕ್ಕೆ ಇದು ಅಂಗೈಯಗಲದ ಉದಾಹರಣೆ. ಆಟದ ನಾಯಕನಾದ ನೊಣಕ್ಕೆ ಯಾರ್ ಎಂದು ಹೆಸರು. ರೋಮನ್ ಲಿಪಿಯಲ್ಲಿ ಅದನ್ನು ಹಿಂದುಮುಂದಾಗಿ ಓದಿದರೆ ರೇ ಎಂದಾಗುವುದು; ಎಂದರೆ ಸಂಸ್ಥೆಯ ಮುಖ್ಯಸ್ಥನ ಹೆಸರು. ಇಲ್ಲಿ ವಿಮರ್ಶಕನು ಎಚ್ಚರದಿಂದಿರಬೇಕು. ಮೂರಕ್ಷರದ ಪದವನ್ನು ತಿರುಗಿಸಿದರೆ ಒಂದಲ್ಲ ಒಂದು ಹೆಸರು ಹೊರಡುವುದು ಆಶ್ಚರ್ಯವಲ್ಲ. ಅಷ್ಟರಿಂದಲೇ ಶ್ಲೇಷೆಯನ್ನು ಸ್ಥಾಪಿಸಲಾಗದು. ಆದರೆ ಆಟದ ಕಥೆಯಲ್ಲಿ ಬರುವ ಲೋಕದ ಹೆಸರು ರಝಾಕ್, ಅದು ಕಸ್ಸಾರನ ಮನೆತನದ ಹೆಸರಿನ ಸಡಿಲವಾದ ವಿಪರ್ಯಯ. ವಾರ್ಷಾನೂ ತನ್ನ ಉದ್ದೇಶವನ್ನು ಒಪ್ಪಿಕೊಂಡಿರುವನು. ಒಳಗಿನ ಎರಡು ಸಾಕ್ಷ್ಯಗಳು ಹೊರಗಿನ ಒಂದರೊಡನೆ ಕೂಡಿದುದರಿಂದ ಸಂದೇಹಕ್ಕೆ ಎಡೆಯಿಲ್ಲ. ಅಂತರ್ಜಾಲದಲ್ಲಿ ಹರಡಿರುವ ಇಂಥ ಅಸಂಖ್ಯಾತ ಶೋಧನೆಗಳಿಗೆ ಈ ಬಗೆಯ ಆಧಾರವಿಲ್ಲದಿರುವುದು ಶೋಚನೀಯ. ಮೋಡದಲ್ಲಿ ಆನೆಯನ್ನು ಕಂಡವನು ಮೋಡವನ್ನು ಬಯ್ಯಲಾಗದು.

೧೯೯೪ರ ‘ಡೂಮ್’ ಆಟದ ಎರಡನೆಯ ಭಾಗದಲ್ಲಿ ಅಂಕಿತವೂ ಒಳಗಿನವರ ವಿನೋದವೂ ಒಂದಾಗಿವೆ. ಕೊನೆಯ ರಾಕ್ಷಸಮುಖದ ಹಿಂದೆ, ಕರ್ತೃಗಳಲ್ಲೊಬ್ಬನಾದ ಜಾನ್ ರೊಮೆರೊವಿನ ತಲೆಯು ಕಂಬಕ್ಕೆ ಸಿಕ್ಕಿಸಲ್ಪಟ್ಟಿದೆ. ನಿಜವಾಗಿ ಪೆಟ್ಟು ತಿನ್ನುವುದು ಅದೇ. ಜೊತೆಗಾರರು ಅದನ್ನು ತಮಾಷೆಗಾಗಿ ಇಟ್ಟಿದ್ದರು. ಅದನ್ನು ಕಂಡುಹಿಡಿದ ರೊಮೆರೊ ಕೋಪಿಸಿಕೊಳ್ಳದೆ, ಆಟವನ್ನು ಗೆಲ್ಲಬೇಕಾದರೆ ತನ್ನನ್ನು ಕೊಲ್ಲಬೇಕೆಂದು ತನ್ನದೇ ಧ್ವನಿಯಲ್ಲಿ ಹೇಳಿ, ಆ ಧ್ವನಿಯನ್ನು ತಿರುಗುಮುರುಗಾಗಿಸಿ ರಾಕ್ಷಸನ ಗರ್ಜನೆಯಾಗಿ ಸೇರಿಸಿದನು. ಇನ್ನು ೨೦೦೯ರ ‘ಬ್ಯಾಟ್‌ಮ್ಯಾನ್: ಅರ್ಕಮ್ ಅಸೈಲಮ್’ ಆಟಕ್ಕೆ ಬಂದರೆ ಕಾಲವೇ ಬೇರೆ. ಅಲ್ಲಿ ಅಧಿಕಾರಿಯ ಕೊಠಡಿಯ ಗೋಡೆಯೊಂದರ ಹಿಂದೆ ಮುಂದಿನ ಆಟದ ನಗರದ ನಕ್ಷೆಯನ್ನು ನಿರ್ಮಾಪಕರೇ ಅಡಗಿಸಿದ್ದರು. ಆರು ತಿಂಗಳಾದರೂ ಯಾರಿಗೂ ಸಿಗದಿರಲು ತಾವೇ ಹೇಳಿಬಿಟ್ಟರು. ರಾಬಿನೆಟ್ಟನ ಕೋಣೆಯಲ್ಲಿದ್ದುದು ಯಜಮಾನನಿಗೆ ತಿಳಿಯದ ಹೆಸರು. ಇಲ್ಲಿದ್ದುದು ಯಜಮಾನನ ಮುಂದಿನ ಸರಕು. ರೂಪವು ಒಂದೇ ಆದಮಾತ್ರಕ್ಕೆ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯೇ ಎಂಬುದು ವಿಚಾರಾರ್ಹ. ಬೇಲೂರಿನ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜನು ತನ್ನ ಹೆಸರನ್ನು ಕಂಡರಿಸುವಾಗ ಕದ್ದು ಮಾಡಬೇಕಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

‘ಅಡ್ವೆಂಚರ್’ ಆಟದ ಅಂಕಿತವೇ ಮೊದಲನೆಯದೆಂದು ಬಹುಕಾಲ ನಂಬಲಾಗಿತ್ತು. ೨೦೧೧ರಲ್ಲಿ ಅರ್ನೆಸ್ಟ್ ಕ್ಲೈನನು ಬರೆದ ‘ರೆಡಿ ಪ್ಲೇಯರ್ ಒನ್’ ಕಾದಂಬರಿಯೂ ೨೦೧೮ರ ಅದರ ಚಲನಚಿತ್ರವೂ ಈ ನಂಬಿಕೆಯನ್ನು ಲೋಕವಿಖ್ಯಾತಗೊಳಿಸಿದುವು. ಆದರೆ ಫೇರ್‌ಚೈಲ್ಡ್ ಸಂಸ್ಥೆಯ ಯಂತ್ರಕ್ಕಾಗಿ ೧೯೭೮ರಲ್ಲಿ ಬಂದ ‘ವಿಡಿಯೋ ವಿಜ್‌ಬಾಲ್’ ಆಟದಲ್ಲಿ ಅದರ ಕರ್ತೃವಾದ ರೀಡ್-ಸೆಲ್ತ್ ತನ್ನ ಮನೆತನದ ಹೆಸರನ್ನು ಅಡಗಿಸಿದ್ದುದು ೨೦೦೪ರಲ್ಲಿ ಹೊರಬಿದ್ದಿತು. ಅದಕ್ಕೂ ಹಿಂದಿನದು, ಅಟಾರಿಯದೇ ಆದ ‘ಸ್ಟಾರ್‌ಶಿಪ್ ೧’ ಎಂಬ ೧೯೭೭ರ ಅಂಗಡಿಯಾಟ. ಅದರ ಹಿಡಿಕೆಗಳನ್ನು ಗೊತ್ತಾದ ಕ್ರಮದಲ್ಲಿ ನಡೆಸಿದರೆ ಪರದೆಯ ಮೇಲೆ ರಾನ್ ಎಂಬವನಿಗೆ ನಮಸ್ಕಾರವು ಮೂಡುವುದು. ಹತ್ತು ಆಟಗಳು ಪುಕ್ಕಟೆಯಾಗಿ ದೊರೆಯುವುವು. ಆ ರಾನ್ ಅದನ್ನು ರಚಿಸಿದ ರಾನ್ ಮಿಲ್ನರನೇ. ಇದನ್ನು ಕಾಸು ಹಾಕಿ ಆಡಿದವರಾರೂ ಕಂಡುಹಿಡಿದಂತೆ ತೋರುವುದಿಲ್ಲ. ಮಿಲ್ನರನ ನೆನಪಿನ ಸುಳಿವನ್ನು ಹಿಡಿದು ಎಡ್ ಫ್ರೈಸ್ ಎಂಬವನು ೨೦೧೭ರಲ್ಲಿ ಇದನ್ನು ಪ್ರಕಟಿಸಿದನು. ಅಂದಿಗೆ ಆ ನಮಸ್ಕಾರವು ನಲವತ್ತು ವರ್ಷಗಳಿಂದ ಯಂತ್ರದೊಳಗೇ ಇದ್ದಿತು.