ಧ್ವನಿಮುದ್ರಿಕೆಗಳಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದ ಎಂಬತ್ತು ವರ್ಷಗಳು

ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದವು ೨೦೨೫ನೆಯ ಇಸವಿಯಲ್ಲಿ ಎಂಬತ್ತು ವರ್ಷಗಳನ್ನು ಪೂರೈಸಿತು. ಸಂಗೀತಸಂಸ್ಥೆಗಳ ಉತ್ಸವಗಳಲ್ಲಿ ಅವು ನಡೆಸಿದ ಕಚೇರಿಗಳನ್ನು ಸ್ಮರಿಸುವುದು ವಾಡಿಕೆ. ಈ ವೃಂದದ ಚರಿತ್ರೆಯನ್ನಾದರೋ ಧ್ವನಿಮುದ್ರಿಕೆಗಳಿಂದಲೇ ಆರಂಭಿಸಬೇಕಾಗುತ್ತದೆ. ಅದು ಹುಟ್ಟಿದುದೇ ಬಹುಮಟ್ಟಿಗೆ ಮುದ್ರಣದ ಸಲುವಾಗಿ. ಇ.ಎಂ.ಐ. ಕಂಪನಿಯಲ್ಲಿ ಧ್ವನಿಮುದ್ರಣದ ಹೊಣೆ ಹೊತ್ತಿದ್ದ ವಾಲ್ಟರ್ ಲೆಗ್ ಅವರು ಯುದ್ಧ ಮುಗಿದ ೧೯೪೫ರಲ್ಲಿ ಆಯ್ದ ವಾದಕರನ್ನು ಕೂಡಿಸಿ ಇದನ್ನು ಕಟ್ಟಿದರು. ಆ ವರ್ಷದ ಅಕ್ಟೋಬರ್ ೨೭ರಂದು ಕಿಂಗ್ಸ್‌ವೇ ಹಾಲಿನಲ್ಲಿ ಥಾಮಸ್ ಬೀಚಮ್ ಅವರ ನಿರ್ದೇಶನದಲ್ಲಿ ಮೊದಲ ಕಚೇರಿ ನಡೆಯಿತು.

ಕರಾಯಾನ್ ೧೯೫೧ರಿಂದ ೧೯೫೫ರವರೆಗೆ ಮುದ್ರಿಸಿದ ಬೀಥೋವನ್ನನ ಒಂಬತ್ತು ಸಿಂಫನಿಗಳು, ಡೆನ್ನಿಸ್ ಬ್ರೈನ್ ೧೯೫೩ರಲ್ಲಿ ನುಡಿಸಿದ ಮೊಟ್ಸಾರ್ಟನ ಹಾರ್ನ್ ಕನ್ಚೆರ್ಟೋಗಳು ರಸಿಕರಿಗೆಲ್ಲ ಪರಿಚಿತವಾದುವು. ಅವುಗಳ ಕೀರ್ತಿಗೆ ನಾವು ಸೇರಿಸಬೇಕಾದುದು ಏನೂ ಇಲ್ಲ. ನಮ್ಮ ಗಮನವನ್ನು ಸೆಳೆಯುವುದು ಬೇರೆ ಕೆಲವು ಮುದ್ರಿಕೆಗಳು.

೧೯೪೮ರಲ್ಲಿ ಫಿಲ್‌ಹಾರ್ಮೋನಿಯ ಕಚೇರಿ ಸಂಘದ ಪ್ರಥಮ ಅಧ್ಯಕ್ಷರಾದವರು ಮೈಸೂರಿನ ಜಯಚಾಮರಾಜ ಒಡೆಯರು. ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಅವರು ಒಪ್ಪಿದುದನ್ನು ಲೆಗ್ ಅವರೇ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಮೈಸೂರಿನ ಹಣ ಲಂಡನ್ನಿನ ವಾದಕರಿಗೆ ಸಂದುದು ಉಚಿತವೇ ಎಂದು ವಿದ್ಯಾರ್ಥಿಗಳು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಇದನ್ನು ಅರಸರ ವಿಲಾಸವೆಂದು ತಳ್ಳಿಹಾಕುವ ಮುನ್ನ ಆ ಹಣದಿಂದ ಉಳಿದುಬಂದುದೇನೆಂಬುದನ್ನು ನೋಡಬೇಕು.

ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ವೃದ್ಧಾಪ್ಯದಲ್ಲಿ ಬಹುಮಟ್ಟಿಗೆ ಮರೆತುಹೋದ ರಚನಕಾರರು. ಮಾರಾಟದ ಲಾಭವನ್ನು ಎಣಿಸುವ ಯಾವ ಕಂಪನಿಯೂ ಅವರ ಕೃತಿಗಳನ್ನು ಇಷ್ಟು ವಿಸ್ತಾರವಾಗಿ ಮುದ್ರಿಸುತ್ತಿರಲಿಲ್ಲ. ಮಹಾರಾಜರ ಪೋಷಣೆಯಿಂದ ಅವರ ಮೂರು ಪಿಯಾನೋ ಕನ್ಚೆರ್ಟೋಗಳೂ ೧೯೪೭ರಲ್ಲಿ ಈ ವೃಂದದೊಡನೆ, ಸ್ವತಃ ಅವರ ಕೈಯಿಂದಲೇ, ಮುದ್ರಣಗೊಂಡುವು. ಮೂರನೆಯದು ಮಹಾರಾಜರಿಗೇ ಅರ್ಪಿತವಾದುದು. ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಗಳಿಗಿಂತ ಹೆಚ್ಚು ಹಿಡಿಯದಿದ್ದ ಕಾಲವದು. ಕೃತಿಯನ್ನು ತುಂಡುತುಂಡಾಗಿ ನುಡಿಸಬೇಕಾಗಿತ್ತು. ಮೆಟ್ನರ್ ೧೯೫೧ರಲ್ಲಿ ತೀರಿಕೊಂಡರು. ಈ ಕಾರ್ಯ ನಾಲ್ಕು ವರ್ಷ ತಡವಾಗಿದ್ದರೆ ರಚನಕಾರರ ಸ್ವಂತ ನಡೆ, ಒತ್ತು, ವಿರಾಮಗಳನ್ನು ನಾವು ಸ್ವರಲಿಪಿಯಿಂದ ಊಹಿಸಬೇಕಾಗುತ್ತಿತ್ತು. ಕರಾಯಾನ್ ೧೯೪೯ರಲ್ಲಿ ಮುದ್ರಿಸಿದ ಬಲಾಕಿರೆವನ ಮೊದಲ ಸಿಂಫನಿಯೂ ಇದೇ ನೆರವಿನ ಫಲ.

ವೃಂದದ ಮುಂದಿನ ಬದುಕು ಸುಗಮವಾಗಿರಲಿಲ್ಲ. ೧೯೬೪ರಲ್ಲಿ ಲೆಗ್ ಅದನ್ನು ನಿಲ್ಲಿಸಲು ಹೊರಟಾಗ ವಾದಕರು ತಾವೇ ಆಡಳಿತ ವಹಿಸಿಕೊಂಡು ‘ನ್ಯೂ ಫಿಲ್‌ಹಾರ್ಮೋನಿಯ’ ಎಂಬ ಹೆಸರಿನಿಂದ ಮುಂದುವರಿದರು. ಹಳೆಯ ಹೆಸರು ೧೯೭೭ರಲ್ಲಿ ಮರಳಿ ಬಂದಿತು.

ಇನ್ನೊಂದು ಮುದ್ರಿಕೆಯ ವಿಷಯ ಉಳಿದಿದೆ. ರಿಚರ್ಡ್ ಸ್ಟ್ರೌಸ್ ನಿಧನರಾದ ಮರುವರ್ಷ, ೧೯೫೦ರ ಮೇ ೨೨ರಂದು, ಅವರ ಕೊನೆಯ ನಾಲ್ಕು ಗೀತೆಗಳನ್ನು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಿದರು. ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು ಮಹಾರಾಜರು ೪,೮೦೦ ಡಾಲರುಗಳ ಖಾತರಿ ನೀಡಿದ್ದರು. ಆ ಮುದ್ರಣದ ಧ್ವನಿ ಮಸುಕಾಗಿದೆ, ಕರಕರ ಶಬ್ದವೂ ಹೆಚ್ಚು. ಅದೇ ಗೀತೆಗಳ ಅಚ್ಚುಕಟ್ಟಾದ ಮುದ್ರಿಕೆಗಳು ಆಮೇಲೆ ಹಲವು ಬಂದಿವೆ. ಆದರೂ ತರಗತಿಯಲ್ಲಿ ಒಂದನ್ನೇ ಕೇಳಿಸಲು ಅವಕಾಶವಿದ್ದರೆ ನಾವು ಈ ಮಸುಕಾದುದನ್ನೇ ಆರಿಸುತ್ತೇವೆ.